ಮಿಡ್‌ವೇ ದ್ವೀಪದ ಕಡಲಹಕ್ಕಿಗಳು: ಪ್ಲಾಸ್ಟಿಕ್ ಯುಗದ ಇತಿಹಾಸಕ್ಕೆ ಒಂದು ಆಕರ

೧

ಇತಿಹಾಸದ ಆಕರಗಳು ಎಲ್ಲಿ ದೊರೆಯುತ್ತವೆಂಬುದನ್ನು ಮೊದಲೇ ನಿಶ್ಚಯಿಸಲು ಬಾರದು. ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತ, ಪ್ರವಾಸಿಗಳ ದಿನಚರಿ, ಇವೆಲ್ಲ ನಮಗೆ ಚಿರಪರಿಚಿತವಾದುವು. ಹಾಳೂರಿನ ತಿಪ್ಪೆಯೂ ಆಕರವೇ ಎಂಬುದನ್ನು ಪುರಾತತ್ತ್ವಜ್ಞರು ತೋರಿಸಿಕೊಟ್ಟು ಬಹುಕಾಲವಾಯಿತು. ಮನುಷ್ಯನು ತನ್ನ ಕೀರ್ತಿಗಾಗಿ ಕೆತ್ತಿಸಿದ ಮಾತಿಗಿಂತ, ಬೇಡವೆಂದು ಎಸೆದ ಮಡಕೆಯ ಚೂರು ಎಷ್ಟೋ ವೇಳೆ ಹೆಚ್ಚು ಸತ್ಯವನ್ನು ನುಡಿಯುತ್ತದೆ. ಪ್ರಕೃತ ಲೇಖನದಲ್ಲಿ ವಿವೇಚನೆಗೆ ಎತ್ತಿಕೊಂಡಿರುವ ಆಕರವು ಇದಕ್ಕಿಂತಲೂ ವಿಚಿತ್ರವಾದುದು. ಅದು ಮನುಷ್ಯವಸತಿಯಿಂದ ಸಾವಿರಾರು ಕಿಲೋಮೀಟರು ದೂರದ ದ್ವೀಪಗಳಲ್ಲಿ ಗೂಡುಕಟ್ಟುವ ಕಡಲಹಕ್ಕಿಯ ಜಠರ.

ಇದು ಪ್ರಾಣಿಶಾಸ್ತ್ರದ ವಿಷಯವಲ್ಲವೇ, ಇತಿಹಾಸ ವಿಭಾಗಕ್ಕೆ ಇದರ ಗೊಡವೆ ಏತಕ್ಕೆ, ಎಂದು ಕೇಳುವವರುಂಟು. ಹಕ್ಕಿಯ ದೇಹಧರ್ಮವನ್ನು ತಿಳಿಸುವುದು ಪ್ರಾಣಿಶಾಸ್ತ್ರಜ್ಞರ ಕೆಲಸವೇ ಸರಿ. ಆದರೆ ಆ ಜಠರದಲ್ಲಿ ದೊರೆತ ವಸ್ತು ಮನುಷ್ಯ ಮಾಡಿದ್ದು, ಅದಕ್ಕೆ ಕಾಲವುಂಟು, ತಯಾರಾದ ಸ್ಥಳವುಂಟು, ಕೈಬಿಟ್ಟ ಯಾರೋ ಒಬ್ಬನುಂಟು. ಕಾಲ, ದೇಶ, ಕರ್ತೃ ಈ ಮೂರನ್ನು ವಿಚಾರಿಸುವುದೇ ಇತಿಹಾಸಕಾರನ ಕಸುಬು. ಆದುದರಿಂದ ಈ ಸಾಕ್ಷ್ಯವು ಯಾವುದನ್ನು ಸಿದ್ಧಪಡಿಸುತ್ತದೆ, ಯಾವುದನ್ನು ಸಿದ್ಧಪಡಿಸಲಾರದು ಎಂಬುದನ್ನು ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

೨

ಪೆಸಿಫಿಕ್ ಮಹಾಸಾಗರದ ಉತ್ತರಾರ್ಧದಲ್ಲಿ, ಹೊನೊಲುಲುವಿಗೆ ವಾಯವ್ಯದಲ್ಲಿ ಸುಮಾರು ೨,೧೦೦ ಕಿಲೋಮೀಟರು ದೂರದಲ್ಲಿ ಮಿಡ್‌ವೇ ಎಂಬ ಹವಳದ್ವೀಪವಿದೆ. ೧೮೫೯ರಲ್ಲಿ ಕ್ಯಾಪ್ಟನ್ ಬ್ರೂಕ್ಸ್ ಎಂಬ ನಾವಿಕನು ಇದನ್ನು ಕಂಡನು. ೧೮೬೭ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಇದನ್ನು ವಶಪಡಿಸಿಕೊಂಡಿತು. ಲೇಸನ್ ಆಲ್ಬಟ್ರಾಸ್ ಎಂಬ ಹಕ್ಕಿಯ ಅತಿ ದೊಡ್ಡ ನೆಲೆ ಇದು. ಬಿಚ್ಚಿದ ರೆಕ್ಕೆ ಸುಮಾರು ಎರಡು ಮೀಟರು ಅಗಲವುಳ್ಳ ಈ ಹಕ್ಕಿ ಆಹಾರಕ್ಕಾಗಿ ಸಾವಿರಾರು ಕಿಲೋಮೀಟರು ಹಾರಿಹೋಗಿ, ಮರಿಯ ಬಾಯಿಗೆ ತುತ್ತು ಕಕ್ಕಲು ಮತ್ತೆ ಇದೇ ಗೂಡಿಗೆ ಮರಳುತ್ತದೆ.

ಮನುಷ್ಯನ ವ್ಯಾಪಾರವು ಈ ಹಕ್ಕಿಗಳನ್ನು ಮೊದಲು ಮುಟ್ಟಿದ್ದು ಪ್ಲಾಸ್ಟಿಕ್ಕಿನ ಮೂಲಕವಲ್ಲ, ಗರಿಯ ಮೂಲಕ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪು ಅಮೆರಿಕಗಳ ಹೆಂಗಸರ ಟೋಪಿಗಳಿಗೆ ಗರಿ, ಹಾಸಿಗೆ ದಿಂಬುಗಳಿಗೆ ಪುಕ್ಕ, ಇವಕ್ಕೆ ಅಪಾರ ಬೇಡಿಕೆಯಿದ್ದಿತು. ಜಪಾನಿನ ತೋರಿಷಿಮಾ ದ್ವೀಪದಲ್ಲಿ ೧೮೮೭ರಿಂದ ಮೊದಲಾದ ಬೇಟೆಯಲ್ಲಿ ಗಿಡ್ಡಬಾಲದ ಆಲ್ಬಟ್ರಾಸ್ ಜಾತಿ ಬಹುಮಟ್ಟಿಗೆ ನಿರ್ಮೂಲವಾಯಿತು. ೧೯೪೯ರಲ್ಲಿ ಆ ಜಾತಿ ಅಳಿದೇಹೋಯಿತೆಂದು ನಂಬಲಾಗಿತ್ತು. ೧೯೫೧ರಲ್ಲಿ ಅದೇ ದ್ವೀಪದಲ್ಲಿ ಸುಮಾರು ಹತ್ತು ಹಕ್ಕಿಗಳು ಮತ್ತೆ ಕಂಡವು. ಗರಿಯ ಬೇಟೆಗಾರರು ಮಿಡ್‌ವೇಯವರೆಗೂ ಬಂದರು. ೧೯೦೩ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟನು ಮಿಡ್‌ವೇಯನ್ನು ನೌಕಾಪಡೆಯ ಅಧೀನಕ್ಕೆ ಒಪ್ಪಿಸಿದನು. ೧೯೦೯ರಲ್ಲಿ ನೆರೆಯ ಲೇಸನ್ ಮೊದಲಾದ ದ್ವೀಪಗಳನ್ನು ಪಕ್ಷಿಗಳ ರಕ್ಷಿತನೆಲೆಯೆಂದು ಘೋಷಿಸಿದನು. ಆದರೂ ಬೇಟೆ ನಿಲ್ಲದಿರಲು, ೧೯೧೦ರ ಜನವರಿಯಲ್ಲಿ ಥೆಟಿಸ್ ಎಂಬ ಸರಕಾರಿ ಹಡಗು ಅಲ್ಲಿಗೆ ಹೋಗಿ ೨೩ ಮಂದಿ ಬೇಟೆಗಾರರನ್ನು ಸೆರೆಹಿಡಿದು, ಸುಮಾರು ಎರಡೂವರೆ ಲಕ್ಷ ಹಕ್ಕಿಗಳ ಗರಿರೆಕ್ಕೆಗಳನ್ನು ವಶಪಡಿಸಿಕೊಂಡಿತು.

ಈ ಪ್ರಸಂಗವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಇಲ್ಲಿ ಅಪರಾಧವಿತ್ತು, ಅಪರಾಧಿಗಳಿದ್ದರು, ಅವರನ್ನು ಹಿಡಿಯುವ ಹಡಗಿತ್ತು, ಸಾಕ್ಷಿಯಾಗಿ ಗರಿಯ ಮೂಟೆಗಳಿದ್ದವು. ಮುಂದೆ ಬಂದ ವಿಪತ್ತಿನಲ್ಲಿ ಸಾಕ್ಷಿಯೊಂದು ಮಾತ್ರ ಉಳಿಯಿತು, ಉಳಿದುವು ಕಾಣೆಯಾದವು.

೧೯೦೩ರಲ್ಲಿಯೇ ಸಮುದ್ರತಂತಿಯ ಠಾಣೆ ಮಿಡ್‌ವೇಯಲ್ಲಿ ನೆಲೆಗೊಂಡಿತು. ೧೯೪೨ರ ಜೂನ್ ತಿಂಗಳಿನಲ್ಲಿ ಈ ದ್ವೀಪದ ಸುತ್ತ ನಡೆದ ನೌಕಾಯುದ್ಧವು ಎರಡನೆಯ ಮಹಾಯುದ್ಧದ ಗತಿಯನ್ನೇ ತಿರುಗಿಸಿತೆಂಬುದು ಸರ್ವವಿದಿತವಾಗಿದೆ. ಯುದ್ಧಾನಂತರವೂ ದ್ವೀಪವು ಬಹುಕಾಲ ನೌಕಾಪಡೆಯ ಠಾಣೆಯಾಗಿ ಉಳಿದು, ೧೯೯೬ರಲ್ಲಿ ವನ್ಯಜೀವಿ ಇಲಾಖೆಗೆ ಸೇರಿತು. ೨೦೦೬ರಲ್ಲಿ ಸುತ್ತಣ ಸಮುದ್ರವೆಲ್ಲವೂ ರಕ್ಷಿತ ಪ್ರದೇಶವಾಯಿತು. ಗರಿಯ ಬೇಟೆ ನಿಂತಿತು, ಯುದ್ಧ ಮುಗಿಯಿತು, ಸೈನ್ಯ ತೆರಳಿತು. ಕಾಗದದ ಮೇಲೆ ನೋಡಿದರೆ ಈ ಹಕ್ಕಿಗಳಷ್ಟು ಸುರಕ್ಷಿತವಾದುವು ಬೇರೆ ಇರಲಾರವು.

೩

ಇನ್ನು ವಸ್ತುವಿನ ಇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. ಪ್ಲಾಸ್ಟಿಕ್ಕಿನ ಪೂರ್ವಜವಾದ ಸೆಲ್ಯುಲಾಯ್ಡನ್ನು ಅಮೆರಿಕದ ಜಾನ್ ವೆಸ್ಲಿ ಹಯಟ್ ಎಂಬಾತನು ೧೮೬೯-೭೦ರ ಸುಮಾರಿನಲ್ಲಿ ರೂಪಿಸಿದನು. ಬಿಲಿಯರ್ಡ್ಸ್ ಚೆಂಡುಗಳಿಗೆ ಬಳಸುತ್ತಿದ್ದ ಆನೆಯ ದಂತಕ್ಕೆ ಬದಲು ವಸ್ತುವನ್ನು ಹುಡುಕುವುದೇ ಅವನ ಪ್ರಯತ್ನಕ್ಕೆ ಮೂಲವಾಗಿದ್ದಿತು. ಒಂದು ಪ್ರಾಣಿಯ ಮೇಲಣ ಭಾರವನ್ನು ಇಳಿಸಬಹುದಾದ ವಸ್ತುವಾಗಿ ಹುಟ್ಟಿದುದು ಕಾಲಾಂತರದಲ್ಲಿ ಬೇರೊಂದು ಪ್ರಾಣಿಯ ಹೊಟ್ಟೆಯನ್ನು ಸೇರಿತೆಂಬುದು ಇತಿಹಾಸದ ವೈಪರೀತ್ಯಗಳಲ್ಲೊಂದು. ೧೯೦೭ರಲ್ಲಿ ಲಿಯೋ ಬೇಕ್‌ಲೆಂಡನು ಬೇಕಲೈಟನ್ನು ಕಂಡುಹಿಡಿದನು. ೧೯೩೩ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಫಾಸೆಟ್ ಮತ್ತು ಗಿಬ್ಸನ್ ಎಂಬಿಬ್ಬರಿಗೆ ಪಾಲಿಥೀನ್ ಅಕಸ್ಮಾತ್ತಾಗಿ ದೊರೆಯಿತು.

ಯುದ್ಧಕಾಲದ ಅವಶ್ಯಕತೆಯಿಂದ ಬೆಳೆದ ಈ ಉದ್ಯಮ ಶಾಂತಿಕಾಲದಲ್ಲಿ ಮನೆಮನೆಯನ್ನು ಹೊಕ್ಕಿತು. ೧೯೫೫ರ ಆಗಸ್ಟಿನಲ್ಲಿ ಅಮೆರಿಕದ ಲೈಫ್ ಪತ್ರಿಕೆ, ಒಮ್ಮೆ ಬಳಸಿ ಬಿಸಾಡುವ ಬದುಕನ್ನು ಗೃಹಿಣಿಯರ ಶ್ರಮಪರಿಹಾರವೆಂದು ಚಿತ್ರಸಮೇತ ಕೊಂಡಾಡಿತು. ಪ್ರಪಂಚದ ವಾರ್ಷಿಕ ಉತ್ಪಾದನೆ ೧೯೫೦ರಲ್ಲಿ ಸುಮಾರು ೨೦ ಲಕ್ಷ ಟನ್ನು. ೨೦೧೫ರ ವೇಳೆಗೆ ಅದು ಸುಮಾರು ೩೮ ಕೋಟಿ ಟನ್ನಿಗೆ ಏರಿತು. ಆ ವರ್ಷದವರೆಗೆ ಕಸವಾಗಿ ಹೊರಬಿದ್ದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಗೆ ಬಂದುದು ನೂರಕ್ಕೆ ಒಂಬತ್ತು ಪಾಲು, ಸುಟ್ಟುದು ಹನ್ನೆರಡು ಪಾಲು. ಉಳಿದುದೆಲ್ಲ ಗುಂಡಿಗಳಲ್ಲಿ ಇಲ್ಲವೆ ಬಯಲಿನಲ್ಲಿ ಶೇಖರವಾಯಿತೆಂದು ೨೦೧೭ರಲ್ಲಿ ಗೇಯರ್, ಜ್ಯಾಂಬೆಕ್, ಲಾ ಎಂಬ ವಿದ್ವಾಂಸರು ಲೆಕ್ಕಹಾಕಿ ತೋರಿಸಿದ್ದಾರೆ.

೪

ಈ ವಸ್ತು ಸಮುದ್ರವನ್ನು ಸೇರಿದ ಕಾಲವನ್ನು ನಿರ್ಣಯಿಸುವುದು ಹೇಗೆ? ಯಾವ ಸರಕಾರವೂ ಇದನ್ನು ದಾಖಲೆ ಮಾಡಲಿಲ್ಲ, ಯಾವ ಕಂಪೆನಿಯ ಲೆಕ್ಕದ ಪುಸ್ತಕದಲ್ಲಿಯೂ ಇದು ಜಮೆಯಾಗಲಿಲ್ಲ. ಅಟ್ಲಾಂಟಿಕ್ ಸಾಗರದಲ್ಲಿ ತೇಲುಜೀವಿಗಳನ್ನು ಸಂಗ್ರಹಿಸಲು ಹಡಗುಗಳು ಎಳೆದೊಯ್ಯುತ್ತಿದ್ದ ಯಂತ್ರವೊಂದಕ್ಕೆ ೧೯೫೭ರಲ್ಲಿ ಬಲೆಯ ದಾರವೂ ೧೯೬೫ರಲ್ಲಿ ಐರ್ಲೆಂಡಿನ ಬಳಿ ಪ್ಲಾಸ್ಟಿಕ್ ಚೀಲವೂ ಸಿಕ್ಕಿಕೊಂಡವೆಂದು ಅದರ ದಿನಚರಿಯಿಂದ ತಿಳಿದುಬರುತ್ತದೆ. ಕಾರ್ಪೆಂಟರ್ ಮತ್ತು ಸ್ಮಿತ್ ಎಂಬವರು ಸರ್ಗಾಸೊ ಸಮುದ್ರದ ಮೇಲೆ ತೇಲುವ ಪ್ಲಾಸ್ಟಿಕ್ ಕಣಗಳ ವಿಷಯವಾಗಿ ಬರೆದದ್ದು ೧೯೭೨ರಲ್ಲಿ.

ಹಕ್ಕಿಗಳು ಇದಕ್ಕಿಂತ ಮುಂಚೆಯೇ ಸಾಕ್ಷಿ ನುಡಿದಿದ್ದವು. ನ್ಯೂಜಿಲೆಂಡಿನ ತೀರದಲ್ಲಿ ಸತ್ತುಬಿದ್ದ ಪ್ರಯಾನ್ ಎಂಬ ಹಕ್ಕಿಗಳಲ್ಲಿ ೧೯೬೦ರಲ್ಲಿಯೇ ಪ್ಲಾಸ್ಟಿಕ್ ಕಂಡಿತ್ತು. ನ್ಯೂಫೌಂಡ್‌ಲೆಂಡಿನಲ್ಲಿ ೧೯೬೨ರಿಂದ ಸಂಗ್ರಹಿಸಿದ ಪೆಟ್ರೆಲ್ ಹಕ್ಕಿಗಳ ಜಠರದಲ್ಲಿ ಪ್ಲಾಸ್ಟಿಕ್ ಕಣಗಳಿದ್ದುದನ್ನು ರಾಥ್‌ಸ್ಟೀನ್ ೧೯೭೩ರಲ್ಲಿ ಪ್ರಕಟಿಸಿದನು. ಮಿಡ್‌ವೇಗೆ ಸಮೀಪದ ಪರ್ಲ್ ಆಂಡ್ ಹರ್ಮಿಸ್ ಎಂಬ ಹವಳದ್ವೀಪದಲ್ಲಿ ಕೆನ್ಯನ್ ಮತ್ತು ಕ್ರಿಡ್ಲರ್ ೧೯೬೬ರಲ್ಲಿ ಸತ್ತ ನೂರು ಆಲ್ಬಟ್ರಾಸ್ ಮರಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ೭೪ ಮರಿಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇತ್ತು. ೧೯೯೪-೯೫ರಲ್ಲಿ ಮಿಡ್‌ವೇಯಲ್ಲಿಯೇ ೨೫೧ ಮರಿಗಳನ್ನು ಪರೀಕ್ಷಿಸಿದಾಗ ಆರು ಮರಿಗಳನ್ನುಳಿದು ಮಿಕ್ಕೆಲ್ಲವುಗಳಲ್ಲಿಯೂ ಪ್ಲಾಸ್ಟಿಕ್ ದೊರೆಯಿತು. ಮೂವತ್ತು ವರ್ಷಗಳ ಅಂತರದಲ್ಲಿ ನೂರಕ್ಕೆ ೭೪ ಇದ್ದುದು ೯೭ನ್ನು ದಾಟಿತು.

ಹಕ್ಕಿ ಇದನ್ನೇಕೆ ನುಂಗುತ್ತದೆ? ಅದರ ಮೌಢ್ಯವೆಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಕೆನ್ಯನ್ ಮತ್ತು ಕ್ರಿಡ್ಲರ್ ನೋಡಿದ ಜಠರಗಳಲ್ಲಿ ಪ್ಲಾಸ್ಟಿಕ್ಕಿನೊಡನೆ ತೇಲುಗಲ್ಲು, ಮರದ ಚೂರು, ಬೀಜಗಳೂ ಇದ್ದವು. ನೀರಿನ ಮೇಲೆ ತೇಲುವ ವಸ್ತುಗಳಿಗೆ ಹಾರುಮೀನು ತನ್ನ ಮೊಟ್ಟೆಗಳನ್ನು ಅಂಟಿಸುತ್ತದೆ. ಮೊಟ್ಟೆಯ ಗೊಂಚಲನ್ನು ಅದು ಅಂಟಿಕೊಂಡ ವಸ್ತುವಿನೊಡನೆಯೇ ನುಂಗುವುದು ಆಲ್ಬಟ್ರಾಸಿನ ಪ್ರಾಚೀನ ಪದ್ಧತಿ. ತೇಲುವುದೆಲ್ಲ ಮರವೋ ಕಲ್ಲೋ ಆಗಿದ್ದ ಯುಗಯುಗಗಳಲ್ಲಿ ಈ ಪದ್ಧತಿಯಿಂದ ಲಾಭವೇ ಇತ್ತು. ಸಮುದ್ರದಲ್ಲಿ ಕೆಲಕಾಲ ತೇಲಿದ ಪ್ಲಾಸ್ಟಿಕ್ಕಿನಿಂದ, ಆಹಾರವಿರುವ ನೀರಿನಲ್ಲಿ ಏಳುವಂಥ ಗಂಧಕಸಂಯುಕ್ತದ ವಾಸನೆಯೇ ಹೊಮ್ಮುವುದೆಂದು ೨೦೧೬ರಲ್ಲಿ ಸವೋಕಾ ಮತ್ತು ಸಂಗಡಿಗರು ತೋರಿಸಿದರು. ಹಾಗಾಗಿ ವಾಸನೆಯನ್ನು ಹಿಡಿದು ಬೇಟೆಯಾಡುವ ಹಕ್ಕಿಗಳು ಮೋಸಹೋಗುವುದು ಸಹಜ. ಹಕ್ಕಿ ಬದಲಾಗಲಿಲ್ಲ, ಸಮುದ್ರ ಬದಲಾಯಿತು.

ಈ ಆಕರದ ಸ್ವರೂಪವನ್ನು ತಿಳಿಯಲು ಒಂದು ನಿದರ್ಶನ ಸಾಕು. ಆಲ್ಬಟ್ರಾಸಿನ ಹೊಟ್ಟೆಯಲ್ಲಿ ದೊರೆತ ಪ್ಲಾಸ್ಟಿಕ್ ತುಣುಕೊಂದರ ಮೇಲೆ ಕ್ರಮಸಂಖ್ಯೆಯೊಂದು ಇದ್ದು, ಅದನ್ನು ಅನುಸರಿಸಿ ಹೋದಾಗ ಅದು ೧೯೪೪ರಲ್ಲಿ ಹೊಡೆದುರುಳಿಸಲ್ಪಟ್ಟ ಯುದ್ಧಕಾಲದ ಸಮುದ್ರವಿಮಾನವೊಂದಕ್ಕೆ ಸೇರಿದುದೆಂದು ಗೊತ್ತಾಯಿತೆಂದು ೨೦೦೬ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ವರದಿಮಾಡಿತು. ಅರುವತ್ತು ವರ್ಷ ಅಲೆದ ಆ ಚೂರನ್ನು ಯಾವ ಸಂಗ್ರಹಾಲಯವೂ ಕಾಪಾಡಿರಲಿಲ್ಲ. ಸಾಗರದ ಸುಳಿ ಅದನ್ನು ಇಟ್ಟುಕೊಂಡಿತ್ತು, ತಾಯಿಹಕ್ಕಿಯೊಂದು ಅದನ್ನು ಆಯ್ದುತಂದಿತ್ತು.

೫

ಸಾಕ್ಷ್ಯವು ದೊರೆತೊಡನೆ ತೀರ್ಪು ಕೊಡುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಕೊಳೆತ ಮರಿಹಕ್ಕಿಯ ಎದೆಗೂಡಿನಲ್ಲಿ ಬಣ್ಣಬಣ್ಣದ ಮುಚ್ಚಳಗಳು ತುಂಬಿಕೊಂಡಿರುವ ಛಾಯಾಚಿತ್ರಗಳನ್ನು ಕ್ರಿಸ್ ಜೋರ್ಡನ್ ಎಂಬ ಕಲಾವಿದನು ೨೦೦೯ರಲ್ಲಿ ಮಿಡ್‌ವೇಯಲ್ಲಿ ತೆಗೆದನು. ಅವನ್ನು ನೋಡಿದವರ ಮನಸ್ಸು ಕಲಕದೆ ಇರದು. ನೋಡಿದವರೆಲ್ಲ ಸಾವಿಗೆ ಪ್ಲಾಸ್ಟಿಕ್ಕೇ ಕಾರಣವೆಂದು ನಿಶ್ಚಯಿಸುತ್ತಾರೆ. ಆದರೆ ಹೊಟ್ಟೆಯಲ್ಲಿ ಇದ್ದುದು ಬೇರೆ, ಹೊಟ್ಟೆಯಲ್ಲಿದ್ದುದರಿಂದ ಸತ್ತುದು ಬೇರೆ. ಎಲ್ಲ ಮರಿಗಳ ಹೊಟ್ಟೆಯಲ್ಲಿಯೂ ಒಂದೇ ವಸ್ತುವಿದ್ದು, ಅವುಗಳಲ್ಲಿ ಕೆಲವು ಸತ್ತು ಹಲವು ಬದುಕಿದಾಗ, ಆ ವಸ್ತುವಿನ ಇರವೊಂದರಿಂದಲೇ ಸಾವಿನ ಕಾರಣ ಸಿದ್ಧವಾಗದು.

ಮಿಡ್‌ವೇಯ ಮರಿಗಳ ಸಾವನ್ನು ಕುರಿತು ೧೯೯೦ರಲ್ಲಿ ಪ್ರಕಟವಾದ ಸಿಲಿಯೊ ಮೊದಲಾದವರ ಸಂಶೋಧನೆ ಈ ದೃಷ್ಟಿಯಿಂದ ಗಮನಾರ್ಹವಾಗಿದೆ. ಬಾಯಾರಿ ದೇಹದ ನೀರು ಬತ್ತಿ ಸತ್ತ ಮರಿಗಳು ಅದರಲ್ಲಿ ಬಹಳ. ಹಳೆಯ ಕಟ್ಟಡಗಳ ಹತ್ತಿರ ಹುಟ್ಟಿದ ಮರಿಗಳಾದರೋ ಗೋಡೆಯಿಂದ ಉದುರಿದ ಸೀಸದ ಬಣ್ಣದ ಚಕ್ಕೆಗಳನ್ನು ತಿಂದು ವಿಷವೇರಿ, ರೆಕ್ಕೆ ಜೋತು ಸಾಯುತ್ತಿದ್ದುವು. ಸೈನ್ಯವು ತೆರಳಿದ ಮೇಲೂ ಅದರ ಕಟ್ಟಡಗಳು ಕೊಲ್ಲುತ್ತಿದ್ದವು. ಈ ಸಾವುಗಳನ್ನೂ ಪ್ಲಾಸ್ಟಿಕ್ಕಿನ ಲೆಕ್ಕಕ್ಕೆ ಬರೆದಿದ್ದರೆ ಸೀಸದ ಬಣ್ಣವನ್ನು ಕೆರೆದು ತೆಗೆಯುವ ಕೆಲಸ ನಡೆಯುತ್ತಲೇ ಇರಲಿಲ್ಲ. ತಪ್ಪು ಕಾರಣವನ್ನು ಹಿಡಿಯುವುದು ಪಾಂಡಿತ್ಯದ ದೋಷ ಮಾತ್ರವಲ್ಲ, ಅದರಿಂದ ಪ್ರಾಣಹಾನಿಯೂ ಆಗುತ್ತದೆ.

ಹಾಗೆಂದು ಪ್ಲಾಸ್ಟಿಕ್ ನಿರಪರಾಧಿಯೆಂದು ತಿಳಿಯತಕ್ಕದ್ದಲ್ಲ. ದಕ್ಷಿಣ ಆಫ್ರಿಕದ ಪೀಟರ್ ರಯನ್ ಎಂಬ ವಿದ್ವಾಂಸನು ಕೋಳಿಮರಿಗಳಿಗೆ ಪ್ಲಾಸ್ಟಿಕ್ ತಿನ್ನಿಸಿ ನೋಡಿ, ಹೊಟ್ಟೆಯಲ್ಲಿ ಜಾಗ ಕಡಮೆಯಾಗಿ ಅವು ತಿನ್ನುವ ಆಹಾರವೂ ಕುಗ್ಗುವುದೆಂದು ೧೯೮೮ರಲ್ಲಿ ತೋರಿಸಿದನು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಸುತ್ತಿನ ಕಡಲಹಕ್ಕಿಗಳನ್ನು ಪರೀಕ್ಷಿಸಿದ ರೋಮನ್ ಮತ್ತು ಸಂಗಡಿಗರು, ಒಂದೇ ಒಂದು ತುಣುಕನ್ನು ನುಂಗಿದ ಹಕ್ಕಿಗೂ ಅದರಿಂದ ಸಾಯುವ ಸಂಭವ ನೂರಕ್ಕೆ ಸುಮಾರು ೨೦ರಷ್ಟು ಉಂಟೆಂದು ೨೦೧೯ರಲ್ಲಿ ಗಣಿಸಿದರು. ಆಸ್ಟ್ರೇಲಿಯಕ್ಕೆ ಪೂರ್ವದಲ್ಲಿ ಸುಮಾರು ೬೦೦ ಕಿಲೋಮೀಟರು ದೂರದ ಲಾರ್ಡ್ ಹೋವ್ ದ್ವೀಪದ ಷಿಯರ್‌ವಾಟರ್ ಮರಿಗಳ ಜಠರದ ಒಳಪದರಿನಲ್ಲಿ ಪ್ಲಾಸ್ಟಿಕ್ಕಿನ ಉಜ್ಜುವಿಕೆಯಿಂದ ಗಾಯದ ಕಲೆಗಳು ಬೆಳೆದಿರುವುದನ್ನು ಕಂಡು, ೨೦೨೩ರಲ್ಲಿ ವಿಜ್ಞಾನಿಗಳು ಅದಕ್ಕೆ ಪ್ಲಾಸ್ಟಿಕೋಸಿಸ್ ಎಂಬ ಹೊಸ ಹೆಸರನ್ನೇ ಕೊಟ್ಟರು. ಅದೇ ಹಕ್ಕಿಗಳು ನುಂಗಿದ ತೇಲುಗಲ್ಲಿನಿಂದ ಅಂಥ ಕಲೆ ಉಂಟಾಗಿರಲಿಲ್ಲ. ಅಂದರೆ ಕಲ್ಲು ನುಂಗಿದ ಹಕ್ಕಿಗೂ ಪ್ಲಾಸ್ಟಿಕ್ ನುಂಗಿದ ಹಕ್ಕಿಗೂ ಭೇದವಿದೆಯೆಂಬುದು ಈಗ ಊಹೆಯ ಮಾತಲ್ಲ. ಛಾಯಾಚಿತ್ರವು ಒಮ್ಮೆಗೇ ಹೇಳಿದುದನ್ನು ವಿಜ್ಞಾನವು ದಶಕಗಳ ತಾಳ್ಮೆಯಿಂದ ತೂಕಮಾಡಿ, ಕೆಲವನ್ನು ಬಿಟ್ಟು ಕೆಲವನ್ನು ಸ್ಥಿರಪಡಿಸಿದೆ. ಹೀಗೆ ಉಳಿದ ಸತ್ಯ ಮೊದಲಿನದಕ್ಕಿಂತ ಚಿಕ್ಕದಾಗಿರಬಹುದು, ಆದರೆ ಯಾರೂ ಅದನ್ನು ಅಲ್ಲಾಡಿಸಲಾರರು.

೬

ಇನ್ನುಳಿದುದು ಕರ್ತೃವಿನ ಪ್ರಶ್ನೆ. ದಕ್ಷಿಣ ಪೆಸಿಫಿಕ್ಕಿನ ಹೆಂಡರ್ಸನ್ ದ್ವೀಪದಲ್ಲಿ ಮನುಷ್ಯರಿಲ್ಲ. ಆದರೂ ಅದರ ತೀರಗಳಲ್ಲಿ ಸುಮಾರು ೩ ಕೋಟಿ ೭೭ ಲಕ್ಷ ಪ್ಲಾಸ್ಟಿಕ್ ತುಣುಕುಗಳಿರಬಹುದೆಂದು ಲೇವರ್ಸ್ ಮತ್ತು ಬಾಂಡ್ ೨೦೧೭ರಲ್ಲಿ ಅಂದಾಜುಮಾಡಿದರು. ಅಲ್ಲಿ ಎಸೆದವರು ಅಲ್ಲಿಯವರಲ್ಲವೆಂಬುದು ಸ್ಪಷ್ಟ. ಹಾಗಾದರೆ ಯಾರು?

ದಕ್ಷಿಣ ಅಟ್ಲಾಂಟಿಕ್ಕಿನ ಇನ್ಯಾಕ್ಸೆಸಿಬಲ್ ದ್ವೀಪದಲ್ಲಿ ರಯನ್ ಮತ್ತು ಸಂಗಡಿಗರು ನಡೆಸಿದ ಶೋಧನೆ ಆಕರವಿಮರ್ಶೆಗೆ ಒಂದು ಮಾದರಿಯೆಂದೇ ನಮ್ಮ ಮತ. ೧೯೮೦ರ ದಶಕದಲ್ಲಿ ಅಲ್ಲಿಗೆ ತೇಲಿಬರುತ್ತಿದ್ದ ಬಾಟಲಿಗಳಲ್ಲಿ ದಕ್ಷಿಣ ಅಮೆರಿಕದವು ಹೆಚ್ಚು. ಗಾಳಿ, ಪ್ರವಾಹಗಳ ದಿಕ್ಕನ್ನು ನೋಡಿದರೆ ಅದು ಸಹಜವೇ. ೨೦೧೮ರ ವೇಳೆಗೆ ಹೊಸದಾಗಿ ಬಂದ ಬಾಟಲಿಗಳಲ್ಲಿ ಮುಕ್ಕಾಲು ಪಾಲು ಏಷ್ಯದವು, ಅದರಲ್ಲಿಯೂ ಚೀನದವು. ಚೀನದ ನದಿಗಳಿಂದ ಇವು ತೇಲಿಬಂದುವೆಂದು ಅವಸರದ ವಿಮರ್ಶಕನು ಹೇಳಿಯಾನು. ಆದರೆ ಬಾಟಲಿಗಳ ಮೇಲೆ ತಯಾರಾದ ದಿನಾಂಕವಿತ್ತು. ಬಹುಪಾಲು ಬಾಟಲಿಗಳು ಎರಡು ವರ್ಷದೊಳಗಿನವು. ಅಷ್ಟು ಅಲ್ಪಕಾಲದಲ್ಲಿ ಏಷ್ಯದ ತೀರದಿಂದ ಅಲ್ಲಿಗೆ ತೇಲಿಬರುವುದು ಸಾಧ್ಯವಿಲ್ಲ. ಆದುದರಿಂದ ಅವನ್ನು ಆ ಸಮುದ್ರದಲ್ಲಿ ಹಾದುಹೋಗುವ ಹಡಗುಗಳಿಂದಲೇ ಎಸೆದಿರಬೇಕೆಂದು ಅವರು ನಿರ್ಣಯಿಸಿದರು. ರೋಮನ್ ನಾಣ್ಯ ದೊರೆತಲ್ಲೆಲ್ಲ ರೋಮನರೇ ಬಂದಿದ್ದರೆಂದು ನಾವು ಹೇಳುವುದಿಲ್ಲ. ನಾಣ್ಯದ ಮುದ್ರೆಯಿಂದ ಟಂಕಸಾಲೆ ತಿಳಿದೀತು, ತಂದವನು ತಿಳಿಯನು. ಬಾಟಲಿಯ ವಿಷಯದಲ್ಲಿಯೂ ನ್ಯಾಯ ಒಂದೇ.

ಹಡಗುಗಳಿಂದ ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಎಸೆಯಬಾರದೆಂಬ ಅಂತರರಾಷ್ಟ್ರೀಯ ನಿಯಮವು ೧೯೮೮ರ ಡಿಸೆಂಬರ್ ೩೧ರಿಂದಲೇ ಜಾರಿಯಲ್ಲಿದೆ. ಇನ್ಯಾಕ್ಸೆಸಿಬಲ್ ದ್ವೀಪದ ಬಾಟಲಿಗಳು ಆ ನಿಯಮಕ್ಕೆ ಮೂವತ್ತು ವರ್ಷ ತುಂಬಿದ ಸಮಯದವು. ಶಾಸನವಿದ್ದ ಮಾತ್ರಕ್ಕೆ ಆಚರಣೆಯಿತ್ತೆಂದು ಭಾವಿಸಬಾರದೆಂಬ ಪಾಠವನ್ನು ನಾವು ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಹೇಳುತ್ತೇವೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಆದರೆ ಪ್ರಯತ್ನಗಳೆಲ್ಲ ವ್ಯರ್ಥವಾದುವೆಂಬ ತೀರ್ಮಾನಕ್ಕೂ ಆಧಾರವಿಲ್ಲ. ಉತ್ತರ ಸಮುದ್ರದ ಫುಲ್ಮಾರ್ ಎಂಬ ಹಕ್ಕಿಗಳ ಜಠರವನ್ನು ಡಚ್ ವಿಜ್ಞಾನಿ ಯಾನ್ ವಾನ್ ಫ್ರಾನೆಕರ್ ೧೯೮೦ರ ದಶಕದಿಂದ ಕ್ರಮವಾಗಿ ಪರೀಕ್ಷಿಸುತ್ತ ಬಂದನು. ಕಾರ್ಖಾನೆಗಳ ಕಚ್ಚಾವಸ್ತುವಾದ ಪ್ಲಾಸ್ಟಿಕ್ ಹರಳುಗಳು ಈ ಹಕ್ಕಿಗಳಲ್ಲಿ ಆ ಕಾಲದಿಂದೀಚೆಗೆ ಗಣನೀಯವಾಗಿ ಕಡಮೆಯಾಗಿವೆ. ಕಾರ್ಖಾನೆಯಲ್ಲಿ ಸೋರಿಕೆ ತಗ್ಗಿದರೆ ಹಕ್ಕಿಯ ಹೊಟ್ಟೆಯಲ್ಲಿ ಅದು ಕಾಣುತ್ತದೆಯೆಂದಾಯಿತು. ೦.೧ ಗ್ರಾಮಿಗಿಂತ ಹೆಚ್ಚು ಪ್ಲಾಸ್ಟಿಕ್ ಹೊಟ್ಟೆಯಲ್ಲಿರುವ ಫುಲ್ಮಾರುಗಳು ನೂರಕ್ಕೆ ಹತ್ತನ್ನು ಮೀರಕೂಡದೆಂಬುದನ್ನು ಆ ಭಾಗದ ರಾಷ್ಟ್ರಗಳು ಸಮುದ್ರಾರೋಗ್ಯದ ಗುರಿಯಾಗಿ ಇಟ್ಟುಕೊಂಡಿವೆ. ರಾಜ್ಯಗಳು ಹಕ್ಕಿಯ ಜಠರವನ್ನು ಅಧಿಕೃತ ದಾಖಲೆಯೆಂದು ಒಪ್ಪಿದ ಪ್ರಸಂಗವಿದು.

ಉತ್ಪಾದನೆಯಿಂದ ಮೊದಲುಗೊಂಡು ಪ್ಲಾಸ್ಟಿಕ್ಕಿಗೆ ಕಟ್ಟುಪಾಡು ಹಾಕುವ ಜಾಗತಿಕ ಒಪ್ಪಂದಕ್ಕಾಗಿ ವಿಶ್ವಸಂಸ್ಥೆಯ ಪರಿಸರಸಭೆ ೨೦೨೨ರಲ್ಲಿ ನಿರ್ಣಯ ಕೈಗೊಂಡಿತು. ೨೦೨೫ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸೇರಿದ ಸಭೆ ಒಪ್ಪಂದವಿಲ್ಲದೆ ಮುಗಿಯಿತು. ೧೯೧೦ರಲ್ಲಿ ಥೆಟಿಸ್ ಹಡಗಿಗೆ ಹಿಡಿಯಲು ೨೩ ಮಂದಿ ಸಿಕ್ಕರು. ಈಗಿನ ಅಪರಾಧದಲ್ಲಿ ಬಳಸಿದವರು, ಮಾಡಿದವರು, ಮಾರಿದವರು, ಕಂಡೂ ಕಾಣದಂತಿದ್ದವರು ಎಲ್ಲರೂ ಪಾಲುಗಾರರು. ಇಷ್ಟು ಜನರನ್ನು ಹತ್ತಿಸಿಕೊಳ್ಳುವ ಹಡಗು ಎಲ್ಲಿಯೂ ಇಲ್ಲ. ಅಂಥ ಅಪರಾಧಕ್ಕೆ ದಂಡನೆಗಿಂತ ಮುಂಚೆ ಸರಿಯಾದ ಲೆಕ್ಕ ಬೇಕು. ಲೆಕ್ಕವನ್ನು ಸುಳ್ಳಾಗದಂತೆ ಇಡುವುದರಲ್ಲಿ ನಮ್ಮ ಶಾಸ್ತ್ರಕ್ಕೂ ಒಂದು ಪಾಲುಂಟು.

೭

ಕೊನೆಯದಾಗಿ ಒಂದು ಹಕ್ಕಿಯ ಮಾತು. ೧೯೫೬ರ ಡಿಸೆಂಬರಿನಲ್ಲಿ ಚಾಂಡ್ಲರ್ ರಾಬಿನ್ಸ್ ಎಂಬ ಪಕ್ಷಿಶಾಸ್ತ್ರಜ್ಞನು ಮಿಡ್‌ವೇಯಲ್ಲಿ ಒಂದು ಹೆಣ್ಣು ಆಲ್ಬಟ್ರಾಸಿನ ಕಾಲಿಗೆ ಗುರುತಿನ ಬಳೆಯನ್ನು ತೊಡಿಸಿದನು. ನಾಲ್ವತ್ತಾರು ವರ್ಷಗಳ ಮೇಲೆ, ೨೦೦೨ರಲ್ಲಿ, ಅದೇ ಹಕ್ಕಿ ಮತ್ತೆ ಅವನ ಕೈಗೆ ಸಿಕ್ಕಿತು. ವಿಸ್ಡಮ್ ಎಂದು ಹೆಸರಾದ ಅದು ೨೦೨೪ರ ಕೊನೆಯಲ್ಲಿಯೂ ಮಿಡ್‌ವೇಗೆ ಮರಳಿಬಂದು ಮೊಟ್ಟೆಯಿಟ್ಟಿತು. ಬಳೆ ತೊಡಿಸಿದಾಗಲೇ ಅದು ಪ್ರಾಯಕ್ಕೆ ಬಂದ ಹಕ್ಕಿ. ಎಂದರೆ ಪ್ರಪಂಚದ ಪ್ಲಾಸ್ಟಿಕ್ ಉತ್ಪಾದನೆ ವರ್ಷಕ್ಕೆ ೨೦ ಲಕ್ಷ ಟನ್ನಿನ ಸುಮಾರಿನಲ್ಲಿದ್ದ ಕಾಲದಲ್ಲಿ ಅದು ಮರಿಯಾಗಿತ್ತು. ಅದರ ತಾಯಿತಂದೆಗಳು ಅದಕ್ಕೆ ಉಣಿಸಿದ ಸಮುದ್ರವೇ ಬೇರೆ, ಅದು ತನ್ನ ಮರಿಗಳಿಗೆ ಉಣಿಸುತ್ತಿರುವ ಸಮುದ್ರವೇ ಬೇರೆ.

ಯುಗಗಳನ್ನು ನಾವು ಶತಮಾನಗಳಿಂದ, ರಾಜವಂಶಗಳಿಂದ ಅಳೆಯುವುದು ವಾಡಿಕೆ. ಪ್ಲಾಸ್ಟಿಕ್ ಯುಗದ ಬಹುಭಾಗವು ಒಂದು ಹಕ್ಕಿಯ ಆಯುಸ್ಸಿನಲ್ಲಿ ಅಡಗಿದೆ. ಒಂದು ಆಯುಸ್ಸಿನೊಳಗೆ ಕೆಟ್ಟುದನ್ನು ಇನ್ನೊಂದು ಆಯುಸ್ಸಿನೊಳಗೆ ತಿದ್ದಲಾಗದೆಂದು ಹೇಳಲು ಇತಿಹಾಸದಲ್ಲಿ ಆಧಾರ ಕಾಣದು. ತೋರಿಷಿಮಾದ ಹತ್ತು ಹಕ್ಕಿಗಳು ಅದಕ್ಕೆ ಸಾಕ್ಷಿಯಾಗಿವೆ.